ರೆಕ್ಕೆಯ ಪಾಲು

ಗಂಗಾವತಿ ಬಸ್‌ಸ್ಟ್ಯಾಂಡಿನಲ್ಲಿ ಕೊಪ್ಪಳದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತಾಗಿನಿಂದ ಮಾರೆಮ್ಮನಿಗೆ ಒಂದೇ ಗೊಂದಲ. ತನಗೆ ಹಸಿವಾಗಿದೆಯೋ ಇಲ್ಲವೋ. ನಿನ್ನೆ ಮಧ್ಯಾಹ್ನ ಒಂದು ರೊಟ್ಟಿ, ಒಂದಿಷ್ಟು ಪುಂಡಿಪಲ್ಲೆ ತಿಂದದ್ದು ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. "ಖಾಲಿ ಹೊಟ್ಟೀಲೆ ಹೋಗು ಯಕ್ಕಾ, ಆದ್ರ ಭಾಳ ಖಾಲೀನೂ ಬ್ಯಾಡ" ಎಂದು ಅವಳು ರೊಟ್ಟಿ ಕೊಡುವ ಹೋಟೆಲ್ಲಿನ ಮ್ಯಾನೇಜರ್ ದೇವೇಂದ್ರಪ್ಪ ಹೇಳಿ ಕಳಿಸಿದ್ದ. ಭಾಳ ಖಾಲಿ ಅಂದರೆ ಎಷ್ಟು ಖಾಲಿ ಎಂದು ಅವನೂ ಹೇಳಲಿಲ್ಲ, ಇವಳೂ ಕೇಳಲಿಲ್ಲ. ಐವತ್ತೆರಡು ವರ್ಷದಲ್ಲಿ ಹೊಟ್ಟೆಯ ವಿಷಯವನ್ನು ಹೀಗೆ ಕುಳಿತು ಯೋಚಿಸಿದವಳಲ್ಲ ಅವಳು. ಹಸಿವು ಎನ್ನುವುದು ಮನೆಯ ಉಳಿದವರಿಗೆ ಆಗುತ್ತಿತ್ತು. ಅವರ ಹಸಿವಿಗೆ ಒಲೆ ಹಚ್ಚುವುದು ಇವಳ ಕೆಲಸ. ಇವಳ ಹಸಿವು ಎಲ್ಲರದೂ ಮುಗಿದ ಮೇಲೆ ಗಡಿಗೆಯ ತಳದಲ್ಲಿ ಏನು ಉಳಿದಿದೆ ಎನ್ನುವುದರ ಮೇಲೆ ನಿಂತಿರುತ್ತಿತ್ತು. ಉಳಿದಿದ್ದರೆ ಹಸಿವು, ಇಲ್ಲದಿದ್ದರೆ ಇಲ್ಲ. ಗಂಡ ಮುದಿಯಪ್ಪ ಸತ್ತು ವರ್ಷದ ಮೇಲಾಗಿ, ಬಾಡಿಗೆಯ ಒಂದೇ ಖೋಲಿಯಲ್ಲಿ ತಾನೊಬ್ಬಳೇ ಉಳಿದ ಮೇಲೆ, ಹಸಿವು ಯಾವಾಗ ಆಗುತ್ತದೆ ಎಂದು ಗೊತ್ತುಮಾಡಿಕೊಳ್ಳಲು ಅವಳ ಹತ್ತಿರ ಯಾವ ಗುರುತೂ ಉಳಿದಿರಲಿಲ್ಲ. ಪಕ್ಕದ ಮನೆಯ ಮೆಹಬೂಬಬೀ ತಾಟು ತೊಳೆಯುವ ಸಪ್ಪಳ ಕೇಳಿದಾಗ, ಓ, ಊಟದ ಹೊತ್ತಾಯಿತು ಎಂದು ಏಳುತ್ತಿದ್ದಳು.

ಕಂಡಕ್ಟರ್ ಬಂದು, "ಆಧಾರ ತೋರಸವ್ವಾ" ಎಂದ. ಮಡಿಲಲ್ಲಿದ್ದ ಬಟ್ಟೆಯ ಚೀಲದಿಂದ ಕಾರ್ಡು ತೆಗೆದು ಕೊಟ್ಟಳು. ಅವನು ಕಾರ್ಡಿನ ಮುಖ ನೋಡಿದ, ಇವಳ ಮುಖ ನೋಡಿದ, ಮತ್ತೆ ಕಾರ್ಡು ನೋಡಿದ.

"ಯವ್ವಾ, ನೀ ಆ ಕೋಳಿ ರೆಕ್ಕಿ ತಿನ್ನಾಕಿ ಅಲ್ಲೇನು? ಮೊಬೈಲಿನಾಗ ಬಂದಿತ್ತಲ್ಲ. ನಮ್ಮ ಡಿಪೋದಾಗ ಎಲ್ಲಾರೂ ನೋಡೀವಿ!"

ಮುಂದಿನ ಸೀಟಿನ ಇಬ್ಬರು ಹೆಂಗಸರು ತಿರುಗಿದರು. ಮಾರೆಮ್ಮ ಸೆರಗನ್ನು ಬಾಯಿಗೆ ತಂದುಕೊಂಡು, "ನಾ ಅಲ್ರೀ" ಎಂದಳು.

"ಹೆಸರೂ ಅದ ಐತಿ, ಮಾರೀನೂ ಅದ ಐತಿ, ನೀ ಅಲ್ಲ!" ಎಂದು ನಗುತ್ತ ಅವನು ಚೀಟಿ ಹರಿದು ಕೊಟ್ಟು ಮುಂದೆ ಹೋದ. ಕಾರ್ಡು ಕೈಯಲ್ಲಿರುವಾಗಲೇ ನಾನಲ್ಲ ಎಂದು ಹೇಳಿದ್ದಕ್ಕೆ ಅವಳಿಗೆ ಎಷ್ಟು ನಾಚಿಕೆಯಾಯಿತೆಂದರೆ, ಊರು ದಾಟಿ, ಗದ್ದೆಗಳು ಮುಗಿದು, ಬಂಡೆಗುಡ್ಡಗಳು ಶುರುವಾಗುವವರೆಗೂ ಅವಳು ಕಿಟಕಿಯಿಂದ ಮುಖ ತೆಗೆಯಲಿಲ್ಲ. ಹೆಂಗಸರು ಏನೋ ಗುಸುಗುಸು ಮಾಡುತ್ತಿದ್ದರು. ಒಣ ಮೆಣಸಿನಕಾಯಿಯ ರೇಟೋ ಏನೋ. ಆದರೆ ಅದು ತನ್ನ ಬಾಯಿಯ ಬಗ್ಗೆಯೇ ಎಂದು ಅವಳಿಗೆ ಖಾತ್ರಿ.

ಆ ಬಾಯಿಯನ್ನು ಅವಳೂ ನೋಡಿದ್ದಳು. ಮೆಹಬೂಬಬೀಯ ಮೊಬೈಲಿನಲ್ಲಿ. ಎರಡೂ ಕೈ ಕೆಂಪು, ಗದ್ದ ಕೆಂಪು, ಕಣ್ಣು ಎಲ್ಲೂ ನೋಡದೆ ತಾಟಿನಲ್ಲೇ ನೆಟ್ಟಿದೆ. ಅದು ತಾನೇ ಎಂದು ನಂಬುವುದಕ್ಕೆ ಸೀರೆಯ ಅಂಚಿನ ಗುರುತು ಬೇಕಾಯಿತು. ಇಪ್ಪತ್ತು ದಿನದ ಹಿಂದಿನ ಮಾತು. ಹೊಸ ಹೋಟೆಲ್ಲಿಗೆ ದಿನವೂ ಜೋಳದ ರೊಟ್ಟಿ ಬಡಿದು ಕೊಡುವುದು ಅವಳ ಉದ್ಯೋಗ. ಹಿಂದಿನ ದಿನ ದೇವೇಂದ್ರಪ್ಪ ಫೋನು ಮಾಡಿ, "ಯಕ್ಕಾ, ನಾಳೆ ಇಂಗ್ಸ್ ತಿನ್ನೂ ಸ್ಪರ್ಧಾ ಐತಿ, ರೊಟ್ಟಿ ಐವತ್ತು ಹೆಚ್ಚಿಗಿ ತಾ" ಎಂದಿದ್ದ. ಮಾರೆಮ್ಮನೂ ಮೆಹಬೂಬಬೀಯೂ ಅದನ್ನು ಇಂಗು ಎಂದೇ ತಿಳಿದರು. ಒಗ್ಗರಣೆಗೆ ಚಿಟಿಕೆ ಹಾಕುವ ಇಂಗನ್ನು ಗಂಡಸರು ಸಾಲಾಗಿ ಕುಳಿತು ತಿನ್ನುವುದನ್ನು ನೆನೆನೆನೆದು ಇಬ್ಬರೂ ರೊಟ್ಟಿ ಬಡಿಯುತ್ತ ಕಣ್ಣಲ್ಲಿ ನೀರು ಬರುವಂತೆ ನಕ್ಕರು. "ಇಂಗ ತಿಂದು ಯಾವಾಂವ ಉಳದಾನು ಯಕ್ಕಾ?" ಎಂದು ಮೆಹಬೂಬಬೀ ಹಿಟ್ಟಿನ ಉಂಡೆ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡಿದ್ದಳು. ಮಾರೆಮ್ಮ ಹಾಗೆ ನಕ್ಕು ಎಷ್ಟೋ ದಿನವಾಗಿತ್ತು.

ಮರುದಿನ ರೊಟ್ಟಿಯ ಬುಟ್ಟಿ ಇಳಿಸುವಾಗ ನೋಡಿದರೆ ಇಂಗಲ್ಲ, ವಿಂಗ್ಸ್, ಕೋಳಿಯ ರೆಕ್ಕೆ. ಎಂಟು ಕುರ್ಚಿ, ಏಳು ಗಂಡಸರು. ಎಂಟನೆಯವನು ಹೆದರಿಯೋ ಏನೋ ಬಂದಿರಲಿಲ್ಲ. "ಯಕ್ಕಾ, ಸುಮ್ಮ ಬಂದು ಕುಂದ್ರು. ಫೋಟೋದಾಗ ಎಂಟು ಮಂದಿ ಕಾಣಬೇಕು. ಎರಡು ತಿಂದು ಎದ್ದುಬಿಡು" ಎಂದು ದೇವೇಂದ್ರಪ್ಪ ಕೈಮುಗಿದ. ಖಾಲಿ ಕುರ್ಚಿ ತುಂಬುವುದಕ್ಕೆ ಎಂದೇ ಅವಳು ಕುಳಿತದ್ದು. ತಾಟು ಮುಂದೆ ಬಂತು. ತಾಟಿನ ತುಂಬ ರೆಕ್ಕೆ. ಅದನ್ನು ನೋಡಿದೊಡನೆ ಅವಳ ಬೆರಳುಗಳಿಗೆ ತಾವು ಎಲ್ಲಿದ್ದೇವೆ ಎಂಬುದು ಮರೆತುಹೋಯಿತು. ಕೀಲು ಹಿಡಿದು ತಿರುವುವುದು, ಎರಡು ಎಲುಬಿನ ನಡುವೆ ಹಲ್ಲು ಹಾಕಿ ಒಂದೇ ಎಳೆತಕ್ಕೆ ಮಾಂಸ ಬಿಡಿಸುವುದು, ತುದಿಯ ಮೆತ್ತನೆಯ ಗಂಟನ್ನು ಕಡಿದು ನುಂಗುವುದು. ಮೂವತ್ತು ವರ್ಷ ಒಲೆಯ ಮುಂದೆ, ಗೋಡೆಗೆ ಮುಖ ಮಾಡಿ, ಗಡಿಬಿಡಿಯಲ್ಲಿ ಕಲಿತ ವಿದ್ಯೆ ಅದು. ಆ ಏಳು ಗಂಡಸರು ರೆಕ್ಕೆಯನ್ನು ಮೊದಲ ಸಲ ಕಂಡವರ ಹಾಗೆ ಮೇಲೂ ಕೆಳಗೂ ತಿರುಗಿಸಿ ನೋಡುತ್ತಿದ್ದರು. ಅವರಿಗೆ ತೊಡೆ ಗೊತ್ತು, ರೆಕ್ಕೆ ಹೇಗೆ ಗೊತ್ತಾಗಬೇಕು? ಹತ್ತು ನಿಮಿಷ ಮುಗಿದು ಗಂಟೆ ಹೊಡೆದಾಗ ಮಾರೆಮ್ಮನ ಮುಂದೆ ಮೂರು ಖಾಲಿ ತಾಟು. ಅಲ್ಲಿ ಎಣಿಸಿದ್ದು ತಾಟನ್ನು ಮಾತ್ರ. ತಲೆಯೆತ್ತಿದರೆ ಸುತ್ತಲೂ ಮೊಬೈಲುಗಳು. ಗಂಗಾವತಿಯಿಂದ ಇಬ್ಬರು ಕೊಪ್ಪಳದ ಫೈನಲ್ಲಿಗೆ ಹೋಗುತ್ತಾರೆ, ಅದರಲ್ಲಿ ಮೊದಲನೆಯವರು ನಮ್ಮ ರೊಟ್ಟಿ ಮಾರೆಮ್ಮ ಎಂದು ಮೈಕಿನಲ್ಲಿ ಕೂಗಿದರು. ಅವಳು ಖಾಲಿ ಬುಟ್ಟಿ ಎತ್ತಿಕೊಂಡು ಹಿತ್ತಿಲ ಬಾಗಿಲಿನಿಂದ ಮನೆಗೆ ಓಡಿದಳು.

ಫೈನಲ್ಲಿಗೆ ಹೋಗುವುದಿಲ್ಲ ಎಂದು ಅವತ್ತೇ ತೀರ್ಮಾನವಾಗಿತ್ತು. ಮೂರನೆಯ ದಿನ ಸಿದ್ದಾಪುರಕ್ಕೆ ಕೊಟ್ಟ ಮಗಳು ಲಲಿತಾಳ ಫೋನು ಬಾರದೆ ಇದ್ದಿದ್ದರೆ ಅವಳು ಈ ಬಸ್ಸು ಹತ್ತುತ್ತಿರಲಿಲ್ಲ. ಎರಡೂವರೆ ವರ್ಷದಲ್ಲಿ ಮಗಳು ತಾನಾಗಿ ಮಾಡಿದ ಮೊದಲ ಫೋನು ಅದು. ಹಿಟ್ಟಿನ ಕೈಯನ್ನು ಒರೆಸಿಕೊಳ್ಳುವುದಕ್ಕೂ ಪುರಸೊತ್ತಿಲ್ಲದೆ ಎತ್ತಿದಳು.

"ಅವ್ವಾ, ಏನಿದು?"

"ಯಾವುದವ್ವ?"

"ಹಂಗ ತಿನ್ನಾಕತ್ತೀಯಲ್ಲ ಮಂದಿ ಮುಂದ! ಸಿದ್ದಾಪುರ ಪೂರಾ ನೋಡೇತಿ. ಇವರು ಊಟಕ್ಕ ಕುಂತಾಗೊಮ್ಮೆ ನೆನಸಿಕೊಂಡು ನಗತಾರ. ನನಗ ಮಾರಿ ಎಲ್ಲಿ ಇಡಬೇಕು ತಿಳೀವಲ್ದು."

"ಕೂಸು ಹೆಂಗೈತಿ?"

"ನಾ ಏನು ಕೇಳೀನಿ, ನೀ ಏನು ಹೇಳಾಕತ್ತೀ?" ಎಂದು ಲಲಿತಾ ಫೋನು ಇಟ್ಟಳು.

ಮಾರೆಮ್ಮ ಫೋನನ್ನು ಕಿವಿಯಿಂದ ತೆಗೆಯದೆ ಬಹಳ ಹೊತ್ತು ನಿಂತಿದ್ದಳು. ಬೈಗುಳವೇ, ಆದರೆ ಮಗಳ ದನಿ. ಹಿಂದೆ ಕೂಸು ಏನನ್ನೋ ಬಡಿಯುತ್ತಿದ್ದ ಸಪ್ಪಳ. ಕುಕ್ಕರಿನ ಸೀಟಿ ಒಂದು ಸಲ. ಅವಳಿಗೆ ಎಲ್ಲವೂ ಬಾಯಿಪಾಠವಾಗಿತ್ತು. ಆ ರಾತ್ರಿ ಅವಳಿಗೆ ಹೊಳೆದ ವಿಚಾರ ಎಷ್ಟು ಕೆಟ್ಟದ್ದೆಂದರೆ ಅದನ್ನು ಮೆಹಬೂಬಬೀಗೂ ಹೇಳಲಿಲ್ಲ. ಒಂದು ಸಲ ತಿಂದದ್ದಕ್ಕೆ ಮಗಳು ಒಂದು ಸಲ ಮಾತಾಡಿದಳು. ಇನ್ನೊಂದು ಸಲ ತಿಂದರೆ ಇನ್ನೊಂದು ಸಲ ಮಾತಾಡಿಯಾಳು. ನಾಚಿಕೆಯಾದರೇನು, ಸಿಟ್ಟಾದರೇನು, ಮಾತು ಮಾತೇ. ಮಗಳಿಗೆ ಅವಮಾನ ಮಾಡಿ ಮಗಳ ದನಿ ಕೇಳುವ ತಾಯಿ ತಾನು ಎಂದು ತನಗೇ ಹೇಸಿಗೆಯೂ ಆಯಿತು. ಆದರೂ ಮೊನ್ನೆ ತಾನೇ ಫೋನು ಮಾಡಿದಳು. "ಐತವಾರ ಕೊಪ್ಪಳದಾಗ ಐತಂತ. ನಾ ಹೊಂಟೀನಿ." ಬೈಯಲಿ ಎಂದು ಕಾದಳು. ಲಲಿತಾ, "ನಿನ್ನ ಇಷ್ಟ" ಎಂದಳು. ಅಷ್ಟೇ.

ನಿನ್ನ ಇಷ್ಟ. ಬಸ್ಸು ಬೂದಗುಂಪಾ ಕ್ರಾಸಿನಲ್ಲಿ ನಿಂತು, ಶೇಂಗಾ ಮಾರುವವಳು ಹತ್ತಿ ಇಳಿದು, ಮತ್ತೆ ಹೊರಟಿತು. ಆ ಎರಡು ಮಾತು ಮಾತ್ರ ಇಳಿಯಲಿಲ್ಲ. ಯಾರಾದರೂ ತನಗೆ ಆ ಮಾತು ಅಂದಾಗಲೆಲ್ಲ ಅದು ಕೋಪದ ಮಾತೇ ಆಗಿತ್ತು. ಮುದಿಯಪ್ಪ ಅನ್ನುತ್ತಿದ್ದ, ತಾಟು ಸರಿಸಿ ಏಳುವಾಗ. ಅತ್ತೆ ಪಕೀರಮ್ಮ ಅನ್ನುತ್ತಿದ್ದಳು, ತವರಿಗೆ ಹೋಗಿ ಬರಲೇ ಎಂದು ಕೇಳಿದಾಗ. ಆ ಅತ್ತೆಯ ಕಾಲದಲ್ಲಿ ಮನೆಯಲ್ಲಿ ಕೋಳಿ ಕೊಯ್ದರೆ ಸೌಟು ಅವಳ ಕೈಯಲ್ಲೇ. ಒಂದು ತೊಡೆ ಮಾವನಿಗೆ, ಒಂದು ತೊಡೆ ಮುದಿಯಪ್ಪನಿಗೆ, ಗುಂಡಿಗೆ ಮತ್ತು ಕಲಿಜ ಮೈದುನನಿಗೆ, ಎದೆಯ ತುಂಡುಗಳು ಬಂದವರಿಗೆ. ಕುತ್ತಿಗೆ, ಕಾಲು, ರೆಕ್ಕೆ ಒಲೆಯ ಹತ್ತಿರ ಕುಳಿತವರಿಗೆ. ಅದನ್ನು ಯಾರೂ ಕಾನೂನು ಮಾಡಿರಲಿಲ್ಲ, ಆದ್ದರಿಂದ ಮುರಿಯುವುದೂ ಯಾರಿಗೂ ಹೊಳೆಯಲಿಲ್ಲ. ಅತ್ತೆ ಸತ್ತ ಮೇಲೆ ಸೌಟು ಮಾರೆಮ್ಮನ ಕೈಗೆ ಬಂತು. ಮಹಾರಾಣಿ ಸೌಟು ಹಿಡಿದದ್ದೇ ಹಿಡಿದದ್ದು, ಒಂದು ತುಂಡನ್ನೂ ಆಚೆಯಿಂದ ಈಚೆಗೆ ಸರಿಸಲಿಲ್ಲ. ಆರು ವರ್ಷದ ಲಲಿತಾ ಒಮ್ಮೆ ಅಪ್ಪನ ತಾಟಿನಲ್ಲಿದ್ದ ತೊಡೆಗೆ ಬೆರಳು ತೋರಿಸಿದಳು. ಮಾರೆಮ್ಮ ಆ ಬೆರಳನ್ನು ಮೆಲ್ಲಗೆ ಮಡಿಸಿ, "ರೆಕ್ಕಿ ಭಾಳ ರುಚಿ ಇರತೈತಿ, ನೋಡು ನಾನೂ ಅದನ್ನ ತಿನ್ನಾಕತ್ತೀನಿ" ಎಂದು ಬಾಯಿ ಚಪ್ಪರಿಸಿ ತೋರಿಸಿದ್ದಳು. ಹುಡುಗಿ ನಂಬಿತ್ತು.

ಅದೇ ಲಲಿತಾ ಏಳು ತಿಂಗಳ ಬಸುರಿಯಾಗಿ, ಸೀಮಂತದ ಕುಬಸ ಮುಗಿಸಿಕೊಂಡು ಬಾಣಂತನಕ್ಕೆಂದು ತವರಿಗೆ ಬಂದಳು. ಬಿಟ್ಟುಹೋಗಲು ಅಳಿಯ ಯಂಕೇಶನೂ ಬಂದಿದ್ದ. ಅಳಿಯ ಬಂದ ಎಂದು ಮನೆಯ ಹುಂಜ ಕೊಯ್ದರು. ಮಾರೆಮ್ಮ ನೀಡಲು ಕುಳಿತಳು. ಒಂದು ತೊಡೆ ಅಳಿಯನಿಗೆ, ಒಂದು ತೊಡೆ ಮುದಿಯಪ್ಪನಿಗೆ. ಸೌಟು ಮತ್ತೆ ಗಡಿಗೆಗೆ ಇಳಿದು ಮೇಲೆ ಬಂತು, ಲಲಿತಾಳ ತಾಟಿಗೆ ಎರಡು ರೆಕ್ಕೆ ಬಿದ್ದವು. ಲಲಿತಾ ತಾಟು ನೋಡಿದಳು. ದನಿ ಏರಿಸಲಿಲ್ಲ. "ಎರಡು ಜೀವ ಅದೀನವ್ವಾ. ಇಲ್ಲಿಗೆ ಬಂದ ಮ್ಯಾಲೂ ರೆಕ್ಕೀನ ಏನು?" ಎಂದಳು. ಎದ್ದು ಕೈತೊಳೆದಳು. ಮರುದಿನ ಬೆಳಿಗ್ಗೆ ಗಂಡನ ಜೊತೆಗೇ ಸಿದ್ದಾಪುರಕ್ಕೆ ಹೊರಟುಹೋದಳು. ಬಾಣಂತನವೂ ಅಲ್ಲೇ ಆಯಿತು. ಒಂದು ತುಂಡು ಕೋಳಿಗೆ ಇಷ್ಟು ಸೊಕ್ಕೇ ಎಂದು ಮುದಿಯಪ್ಪ ಬೈದ. ಮಾರೆಮ್ಮನಿಗೂ ಆಗ ಹಾಗೆಯೇ ಅನ್ನಿಸಿತ್ತು. ಮುದಿಯಪ್ಪ ಸತ್ತಾಗ ಲಲಿತಾ ಬಂದಳು, ಅಪ್ಪನ ಮೇಲೆ ಬಿದ್ದು ಅತ್ತಳು, ಮೂರು ದಿನ ಇದ್ದಳು, ಕೂಸನ್ನು ತಾಯಿಯ ಕೈಗೆ ಕೊಡಲಿಲ್ಲ. ತಾಯಿಯ ಹತ್ತಿರ ಮಾತಾಡಿದ್ದು ನೀರು ಕೊಡು ಅಂದದ್ದು ಒಂದೇ. ಇದೆಲ್ಲ ಊರಿಗೂ ಗೊತ್ತಿರುವ ಸಂಗತಿ. ಗೊತ್ತಿಲ್ಲದ್ದು ಒಂದಿದೆ. ಅವತ್ತು ಎಲ್ಲರೂ ಮಲಗಿದ ಮೇಲೆ ಮಗಳು ಬಿಟ್ಟೆದ್ದ ಆ ತಾಟನ್ನು ತೊಳೆಯಲು ತೆಗೆದುಕೊಂಡಾಗ, ಕೆಡಿಸಬಾರದು ಎಂದು ಆ ಎರಡು ರೆಕ್ಕೆಗಳನ್ನು ಮಾರೆಮ್ಮನೇ ತಿಂದಳು. ಎಲುಬು ಸಮೇತ. ಆಗ ಅದು ತಪ್ಪೆಂದು ಅನ್ನಿಸಿರಲಿಲ್ಲ.

ಕೊಪ್ಪಳದ ಹೋಟೆಲ್ಲು ಹೈವೇ ಬದಿಗೆ, ಮುಂದೆ ಶಾಮಿಯಾನ ಹಾಕಿ ಸ್ಟೇಜು ಕಟ್ಟಿದ್ದರು. ಫ್ಲೆಕ್ಸಿನಲ್ಲಿ ಎಂಟು ಫೋಟೋ, ಏಳು ಗಂಡಸರು ನಗುತ್ತಿದ್ದರು. ಎಂಟನೆಯದರಲ್ಲಿ ಅವಳು, ಅದೇ ಕೆಂಪು ಬಾಯಿ. ಬೇರೆ ಫೋಟೋ ಅವರಿಗೆ ಎಲ್ಲಿ ಸಿಗಬೇಕು? ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ತಾಲ್ಲೂಕಿಗೆ ಇಬ್ಬರಂತೆ ಎಂಟು ಜನರನ್ನು ಸಾಲಾಗಿ ಕೂಡಿಸಿ ಕೊರಳಿಗೆ ಕೆಂಪು ಬಟ್ಟೆ ಕಟ್ಟಿದರು. ಪಕ್ಕದಲ್ಲಿ ಕುಷ್ಟಗಿಯ ಗಾಳೇಶ, ಹಮಾಲರ ಮೈಕಟ್ಟಿನ ಮನುಷ್ಯ. ಅವನೇ ಬಾಗಿ, "ಯಕ್ಕಾ, ನಡುವ ನೀರ ಕುಡೀಬ್ಯಾಡ. ಹೊಟ್ಟಿ ಮ್ಯಾಲೆ ಬರತೈತಿ" ಎಂದು ಹೇಳಿಕೊಟ್ಟ. ಮಾರೆಮ್ಮ ತಲೆಯಾಡಿಸಿ ಜನರನ್ನು ನೋಡಿದಳು. ಒಂದು ಸಾಲು, ಎರಡನೆಯ ಸಾಲು, ಕಂಬದ ಹತ್ತಿರ ನಿಂತವರು. ಲಲಿತಾ ಇರಲಿಲ್ಲ. ಇರುತ್ತಾಳೆ ಎಂದು ಯಾರು ಹೇಳಿದ್ದರು? ಬೈಯುವುದಕ್ಕೆ ಬೇಕಾದದ್ದು ಫೋನು, ಕೊಪ್ಪಳದವರೆಗೆ ಬರುವ ಅಗತ್ಯವೇನು? ಆದರೂ ಬರುತ್ತಾಳೆ ಎಂದು ತಾನು ಒಳಗೊಳಗೇ ನಂಬಿ ಬಂದಿದ್ದೇನೆ ಎಂಬುದು ಅವಳಿಗೆ ಆಗ ಗೊತ್ತಾಯಿತು. ಚೀಲವನ್ನು ಕುರ್ಚಿಯ ಕಾಲಿಗೆ ಒರಗಿಸಿಟ್ಟಳು.

ಗಂಟೆ ಹೊಡೆಯಿತು. ಕೈ ತನ್ನ ಕೆಲಸ ಶುರುಮಾಡಿತು. ತಿರುವು, ಎಳೆ, ಕಡಿ, ನುಂಗು. ಮೈಕಿನವನು ಅರಚುತ್ತಿದ್ದ, ಶಿಳ್ಳೆ ಬೀಳುತ್ತಿತ್ತು, "ಯವ್ವಾ, ಹಾಕು, ಹಾಕು!" ಎಂದು ಯಾರೋ ಕೂಗಿದರು. ಮೊದಲ ತಾಟು ಮುಗಿಯಿತು. ಎರಡನೆಯದರ ನಡುವೆ ಎಲ್ಲೋ, ಹದಿನಾರನೆಯದೋ ಹದಿನೇಳನೆಯದೋ ಬಾಯಲ್ಲಿದ್ದಾಗ, ಅವಳಿಗೆ ಅದರ ರುಚಿ ಗೊತ್ತಾಯಿತು. ಅಷ್ಟು ವರ್ಷದಲ್ಲಿ ಮೊದಲ ಸಲ. ಬೆಂದ ತೊಗಲಿನ ರುಚಿ. ಮಾಂಸ ಎನ್ನುವುದು ಹಲ್ಲಿಗೆ ಸಿಕ್ಕಿ ಮುಗಿದುಹೋಗುವಷ್ಟು. ಉಳಿದದ್ದು ಗಂಟು, ನರ, ಎಲುಬು. ಅವಳಿಗೆ ರೆಕ್ಕೆ ಸೇರುವುದಿಲ್ಲ. ಯಾವತ್ತೂ ಸೇರಿರಲಿಲ್ಲ. ಆರು ವರ್ಷದ ಹುಡುಗಿಯ ಮುಂದೆ ಬಾಯಿ ಚಪ್ಪರಿಸಿದ್ದು ಸುಳ್ಳು. ಆ ಸುಳ್ಳನ್ನು ಎಷ್ಟು ಸಲ ಚಪ್ಪರಿಸಿದ್ದಳೆಂದರೆ ಅದು ಅವಳ ನಾಲಿಗೆಯೇ ಆಗಿಹೋಗಿತ್ತು. ಬಸುರಿ ಮಗಳಿಗೆ ತನಗೇ ಸೇರದ್ದನ್ನು ನೀಡಿ, ಅವಳು ಎದ್ದು ಹೋದರೆ ಸೊಕ್ಕು ಅಂದುಕೊಂಡಿದ್ದಳು. ಇಷ್ಟು ಸ್ಪಷ್ಟವಾಗಿ ತಿಳಿದ ಮೇಲೆ ಕೈ ನಿಲ್ಲಬೇಕಾಗಿತ್ತು. ನಿಲ್ಲಲಿಲ್ಲ. ಕೈಗೆ ನಿಲ್ಲಿಸುವುದನ್ನು ಯಾರೂ ಕಲಿಸಿರಲಿಲ್ಲ. ಕಣ್ಣಿಂದ ನೀರು ಇಳಿಯುತ್ತಿತ್ತು. ಖಾರ ಹತ್ತೇತಿ ನೋಡ್ರಿ ಯವ್ವಗ ಎಂದು ಮೈಕಿನವನು ನಗಿಸಿದ. ಗಂಟೆ ಹೊಡೆದಾಗ ಅವಳ ಮುಂದಿನ ನಾಲ್ಕು ತಾಟುಗಳೂ ಖಾಲಿ. ತಾಟಿಗೆ ಹತ್ತರಂತೆ ನಲವತ್ತು ತುಂಡು. ಗಾಳೇಶನದು ಮೂವತ್ತೆಂಟು.

ಆದರೆ ಇಲ್ಲಿ ಎಣಿಸುವುದು ಎಲುಬನ್ನಂತೆ. ತುಂಡನ್ನು ಯಾರಾದರೂ ಕೆಳಗೆ ಚೆಲ್ಲಿದರೆ, ಹಿಂದೆ ಬಚ್ಚಿಟ್ಟರೆ? ಒಂದು ತುಂಡಿಗೆ ಎರಡು ಎಲುಬು ತಾಟಿನಲ್ಲಿ ಕಾಣಬೇಕು ಎಂದು ಮೊದಲೇ ಮೈಕಿನಲ್ಲಿ ಹೇಳಿದ್ದರಂತೆ. ಅವಳು ಜನರ ಮುಖ ಹುಡುಕುತ್ತಿದ್ದಾಗ ಹೇಳಿರಬೇಕು. ಕೈಗವಸು ಹಾಕಿದ ಒಬ್ಬ ಒಂದೊಂದು ತಾಟಿನ ಎಲುಬನ್ನೂ ಜೋಡಿಸಿ ಎಣಿಸುತ್ತ ಬಂದ. ಮಾರೆಮ್ಮನ ಹತ್ತಿರ ನಿಂತ. ಎರಡು ಸಲ ಎಣಿಸಿದ. ಮೈಕಿನವನನ್ನು ಕರೆದ.

"ಯವ್ವಾ, ನಲವತ್ತು ತುಂಡು ಹೋಗ್ಯಾವ. ಎಲುಬು ಮೂವತ್ತೂ ಇಲ್ಲ. ಉಳಿದದ್ದು ಎಲ್ಲೈತಿ?"

ಮೈಕು ಅವಳ ಬಾಯಿಯ ಹತ್ತಿರ ಬಂತು. ಎಲ್ಲಿ ಇದೆ ಎಂದು ಅವಳಿಗೂ ಒಂದು ಕ್ಷಣ ತಿಳಿಯಲಿಲ್ಲ.

"ತಿಂದೀನ್ರಿ."

"ಎಲುಬನ್ನ?"

"ಹೂಂರಿ. ಮೆತ್ತಗಿದ್ದುವೆಲ್ಲ."

ನಗೆ ಹಿಂದಿನ ಸಾಲಿನಿಂದ ಶುರುವಾಗಿ ಮುಂದಕ್ಕೆ ಬಂತು. ಟೇಬಲ್ಲಿನ ಕೆಳಗೆ ಬಗ್ಗಿ ನೋಡಿದರು. ಒಬ್ಬ ಹೆಂಗಸನ್ನು ಕರೆದು ಅವಳ ಸೆರಗು ಜಾಡಿಸಿ ನೋಡಲು ಹೇಳಿದರು. ಆಮೇಲೆ ಮೈಕಿನವನು ಕುರ್ಚಿಯ ಕಾಲಿನ ಹತ್ತಿರವಿದ್ದ ಚೀಲ ಎತ್ತಿಕೊಂಡ. "ತಪ್ಪು ತಿಳಕೋಬ್ಯಾಡವ್ವಾ, ನಿಯಮ ಅಂದ್ರ ನಿಯಮ" ಎಂದು ಕೈಹಾಕಿದ. ಆಧಾರ್ ಕಾರ್ಡು ಬಂತು. ನೀರಿನ ಬಾಟಲಿ. ಬಟ್ಟೆಯಲ್ಲಿ ಸುತ್ತಿದ ಎರಡು ರೊಟ್ಟಿ. ಕೊನೆಗೆ ಹಳದಿ ಬಣ್ಣದ, ಎದೆಗೆ ಮಣಿ ಹೊಲಿದ, ಅಂಗೈಯಗಲದ ಒಂದು ಫ್ರಾಕು. ಅವನು ಅದನ್ನು ಭುಜದ ಎರಡು ಕಡೆ ಹಿಡಿದು ಜನರಿಗೆ ತೋರಿಸಿ, "ಫ್ರಾಕೈತಿ, ಎಲುಬಿಲ್ಲ!" ಎಂದ. ಮೊಮ್ಮಗಳ ಮೊದಲ ವರ್ಷದ ಹುಟ್ಟುಹಬ್ಬಕ್ಕೆ ತಂದದ್ದು ಅದು. ಬಾ ಎಂದು ಯಾರೂ ಕರೆಯಲಿಲ್ಲ, ಟ್ರಂಕಿನಲ್ಲಿ ಉಳಿದಿತ್ತು. ಇವತ್ತು ಅಕಸ್ಮಾತ್ ಸಿಕ್ಕರೆ ಎಂದು ಚೀಲಕ್ಕೆ ಹಾಕಿಕೊಂಡಿದ್ದಳು. ಇಷ್ಟು ಜನರ ಮುಂದೆ ಬಾಯಿ ಕೆಂಪಗೆ ಮಾಡಿಕೊಂಡು ತಿಂದದ್ದಕ್ಕಿಂತ ಆ ಫ್ರಾಕು ಗಾಳಿಯಲ್ಲಿ ತೂಗಾಡಿದ್ದಕ್ಕೆ ಅವಳಿಗೆ ಸಾಯುವಷ್ಟು ನಾಚಿಕೆಯಾಯಿತು. ಕಿತ್ತುಕೊಳ್ಳಬೇಕೆಂದರೆ ಕೈ ತುಂಬ ಮಸಾಲೆ, ಬಟ್ಟೆಗೆ ಹತ್ತುತ್ತದೆ. ಎರಡೂ ಕೈ ಮುಂದೆ ಚಾಚಿ ಹಾಗೆಯೇ ನಿಂತಳು.

"ಚೀಲಾ ಮುಟ್ಟಬ್ಯಾಡ್ರಿ!"

ದನಿ ಕಂಬದ ಹಿಂದಿನಿಂದ ಬಂತು. ಜನ ಸರಿದರು. ಲಲಿತಾ, ಸೊಂಟದ ಮೇಲೆ ಕೂಸು, ಕೈಯಲ್ಲಿ ಚಪ್ಪಲಿಯ ಒಂದು ಕಾಲು. ಕೂಸಿನದು, ನೂಕುನುಗ್ಗಲಿನಲ್ಲಿ ಬಿಚ್ಚಿಕೊಂಡದ್ದು. ಸ್ಟೇಜಿನ ಮೆಟ್ಟಿಲವರೆಗೆ ಬಂದು ನಿಂತಳು. ಮೈಕಿನವನು ತಿಳಿಯದೆ ಮೈಕನ್ನು ಅವಳ ಕಡೆಗೂ ಹಿಡಿದ.

"ಆಕಿ ಏನೂ ಕದ್ದಿಲ್ರಿ. ಎಲುಬು ತಿಂದಾಳ. ನಾ ಆಕಿ ಮಗಳು, ಹುಟ್ಟಿದಾಗಿಂದ ನೋಡೀನಿ. ನಮ್ಮ ಮನ್ಯಾಗ ಎಲ್ಲಾರ ತಾಟಿನಾಗೂ ಎಲುಬು ಉಳೀತಿದ್ವು. ಆಕಿ ತಾಟಿನಾಗ ಒಂದಿನಾನೂ ಉಳದಿಲ್ಲ. ನಾಯಿ ಸೈತ ಆಕಿ ಹತ್ರ ಬಂದು ಕುಂದರತಿದ್ದಿಲ್ಲ."

ಮನೆಯ ನಾಯಿ ಸತ್ತು ಹತ್ತು ವರ್ಷವಾಗಿತ್ತು. ಅದು ಊಟದ ಹೊತ್ತಿಗೆ ತನ್ನನ್ನೊಬ್ಬಳನ್ನು ಬಿಟ್ಟು ಎಲ್ಲರ ಹತ್ತಿರ ಕೂರುತ್ತಿತ್ತು ಎಂಬುದನ್ನು ಮಾರೆಮ್ಮ ಗಮನಿಸಿಯೇ ಇರಲಿಲ್ಲ. ಮಗಳು ಗಮನಿಸಿದ್ದಳು. ಒಬ್ಬ ಚಪ್ಪಾಳೆ ತಟ್ಟಿದ, ಯಾರೂ ಕೂಡಲಿಲ್ಲ, ಅವನೂ ನಿಲ್ಲಿಸಿದ. ಹೋಟೆಲ್ಲಿನವರು ಗುಂಪಾಗಿ ಮಾತಾಡಿಕೊಂಡು, ಎಲುಬಿಲ್ಲದ ತುಂಡು ಲೆಕ್ಕಕ್ಕಿಲ್ಲ ಎಂದು ತೀರ್ಮಾನಿಸಿದರು. ಗಾಳೇಶ ಗೆದ್ದ. ಮಾರೆಮ್ಮ ಎಂಟರಲ್ಲಿ ಎಂಟನೆಯವಳು. ಬಹುಮಾನದ ಫ್ರಿಜ್ಜಿನ ಪಕ್ಕ ಹಾರ ಹಾಕಿಸಿಕೊಂಡು ನಿಂತಿದ್ದ ಗಾಳೇಶ, ಅವಳು ಇಳಿದು ಹೋಗುವಾಗ ಫೋಟೋದಿಂದ ಸರಿದು ಬಂದು, "ಬಾಯಾಗ ಚುಚ್ಚಲಿಲ್ಲೇನ ಯಕ್ಕಾ?" ಎಂದು ಕೇಳಿದ. ಅವಳು ಇಲ್ಲ ಎಂದು ತಲೆಯಾಡಿಸಿದಳು.

ನಲ್ಲಿಯಲ್ಲಿ ಮೂರು ಸಲ ಕೈ ತೊಳೆದಳು. ಬಸ್ಸಿನಲ್ಲಿ ಮೂವರ ಸೀಟು ಸಿಕ್ಕಿತು. ಸಿದ್ದಾಪುರದ ಬಸ್ಸು, ಗಂಗಾವತಿಯ ಮೇಲೆ ಹೋಗುವಂಥದ್ದು. ಲಲಿತಾ ಕಿಟಕಿಗೆ, ಮಾರೆಮ್ಮ ಈ ಕಡೆ, ನಡುವೆ ಕೂಸು. "ಕೊಪ್ಪಳದಾಗ ಕೆಲಸಿತ್ತು, ಹಂಗ ಬಂದೆ" ಎಂದಳು ಲಲಿತಾ. ಐತವಾರ ಕೊಪ್ಪಳದಲ್ಲಿ ಯಾವ ಕೆಲಸ ಎಂದು ಮಾರೆಮ್ಮ ಕೇಳಲಿಲ್ಲ. ಕೂಸು ಅವಳ ಬಳೆ ಹಿಡಿಯಲು ಕೈ ಚಾಚಿತು. ಬೆರಳಿನಲ್ಲಿ ಖಾರ ಉಳಿದಿದ್ದರೆ, ಅದು ಕೂಸಿನ ಕಣ್ಣಿಗೆ ಹತ್ತಿದರೆ ಎಂದು ಹೆದರಿ ಮಾರೆಮ್ಮ ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡಳು. ಮೊಮ್ಮಗಳನ್ನು ಇಷ್ಟು ಹತ್ತಿರದಿಂದ ನೋಡುತ್ತಿರುವುದು ಇದೇ ಮೊದಲು, ಮುಟ್ಟುವ ಹಾಗಿಲ್ಲ. ಲಲಿತಾ ತಾಯಿಯ ಚೀಲದಿಂದ ಫ್ರಾಕು ತೆಗೆದು ಕೂಸಿನ ಎದೆಗೆ ಹಿಡಿದಳು.

"ಸಣ್ಣದಾತು" ಎಂದಳು. ಆದರೆ ಅದನ್ನು ವಾಪಸು ಇವಳ ಚೀಲಕ್ಕೆ ಹಾಕಲಿಲ್ಲ. ನಾಲ್ಕು ಮಡಿಕೆ ಮಾಡಿ ತನ್ನ ಚೀಲಕ್ಕೆ ಹಾಕಿಕೊಂಡಳು.

ಬೂದಗುಂಪಾ ಕ್ರಾಸು ದಾಟಿದ ಮೇಲೆ, ಹೊರಗೆ ನೋಡುತ್ತಲೇ ಲಲಿತಾ ಕೇಳಿದಳು. "ಅವ್ವಾ, ನಿನಗ ರೆಕ್ಕಿ ಖರೇನ ಸೇರತಾವೇನು?"

"ಇಲ್ಲವ್ವ."

ಬಸ್ಸು ಒಂದು ಊರು ದಾಟಿತು. ಲಲಿತಾ ಕೂಸಿನ ಕಾಲಿಗೆ ಬಿಚ್ಚಿದ್ದ ಚಪ್ಪಲಿ ಹಾಕಿದಳು.

"ಮತ್ತ ಅವತ್ತು ನನಗ್ಯಾಕ ನೀಡಿದಿ?"

"ಸೌಟು ತಾನ ಆ ಕಡೆ ಹೋತು. ನನಗ ತಿಳೀಲಿಲ್ಲ. ಖರೇನ ತಿಳೀಲಿಲ್ಲವ್ವ."

"ನಾ ಎದ್ದು ಹೋದ ಮ್ಯಾಲೆ ಅವನ್ನ ಏನು ಮಾಡಿದಿ?"

ಸುಳ್ಳು ಹೇಳಬಹುದಿತ್ತು. ನಾಯಿ ಆಗಲೇ ಸತ್ತಿತ್ತು; ಬೆಕ್ಕಿಗೆ ಹಾಕಿದೆ ಅನ್ನಬಹುದಿತ್ತು. "ತಿಂದೆ" ಎಂದಳು ಮಾರೆಮ್ಮ. ಲಲಿತಾಳ ಭುಜ ಅಲುಗಿತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಈ ಕಡೆಯಿಂದ ಕಾಣುತ್ತಿರಲಿಲ್ಲ, ಕಿಟಕಿಯ ಗಾಳಿಗೆ ಕೂದಲು ಮುಖದ ತುಂಬ ಹಾರುತ್ತಿತ್ತು. ಕೂಸು ನಿದ್ದೆ ಹೋಗಿ ತಲೆಯನ್ನು ಮಾರೆಮ್ಮನ ತೋಳಿಗೆ ಒರಗಿಸಿತು. ಗಂಗಾವತಿ ಬರುವವರೆಗೆ ಅವಳು ಆ ತೋಳನ್ನು ಅಲುಗಿಸಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಕಿಟಕಿಯ ಕೆಳಗೆ ಬಂದು ನಿಂತಳು. ಹೋಗು ಎಂದು ಹೇಳುವವರಿಲ್ಲ, ನಿಲ್ಲು ಎಂದು ಹೇಳುವವರೂ ಇಲ್ಲ. ಸಂಜೆಯ ಬಿಸಿಲು ಇನ್ನೂ ಇತ್ತು. ಕಂಡಕ್ಟರ್ ಸೀಟಿ ಊದಿದಾಗ ಲಲಿತಾ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಮುಂದಿನ ಐತವಾರ ಸಿದ್ದಾಪುರಕ್ಕ ಬಾ. ಕೋಳಿ ಮಾಡ್ತೀನಿ. ನಿನಗ ಯಾವ ತುಂಡು ಇಷ್ಟ, ಹೇಳು. ಮೊದಲ ತಗದಿಡ್ತೀನಿ."

ಇಷ್ಟ ಎಂಬ ಮಾತನ್ನು ಸಿಟ್ಟಿಲ್ಲದೆ ಯಾರೋ ಅವಳಿಗೆ ಅಂದಿದ್ದರು. ಮಾರೆಮ್ಮ ಬಾಯಿ ತೆರೆದಳು. ತೊಡೆ ಅನ್ನಬೇಕು, ಆದರೆ ತೊಡೆ ಹೇಗಿರುತ್ತದೆ? ಸಾವಿರ ಸಲ ನೀಡಿದ್ದಾಳೆ, ಒಂದು ಸಲವೂ ತಿಂದಿಲ್ಲ. ಎದೆಯ ತುಂಡು? ಗುಂಡಿಗೆ? ಕಲಿಜ? ಒಂದೊಂದನ್ನೂ ಯಾರ ಯಾರ ತಾಟಿಗೆ ಹಾಕಬೇಕು ಎಂಬುದನ್ನು ಕಣ್ಣು ಮುಚ್ಚಿ ಹೇಳಬಲ್ಲಳು. ಬಸ್ಸು ಅಲುಗಿತು. ಅವಳ ನಾಲಿಗೆ ಒಂದೊಂದಾಗಿ ಹುಡುಕುತ್ತಿತ್ತು, ಒಂದಕ್ಕೂ ರುಚಿ ಸಿಗಲಿಲ್ಲ.

"ಏನು?" ಎಂದು ಲಲಿತಾ ಕಿವಿಯ ಹತ್ತಿರ ಕೈ ಹಿಡಿದು ಕೂಗಿದಳು.

ಮಾರೆಮ್ಮ ಚೀಲವನ್ನು ಎದೆಗೆ ಅವುಚಿಕೊಂಡು ಬಸ್ಸಿನ ಪಕ್ಕಕ್ಕೆ ನಾಲ್ಕು ಹೆಜ್ಜೆ ಓಡಿದಳು. ಬಾಳೆಹಣ್ಣಿನ ಗಾಡಿಯವನು, ಬಸ್ಸಿಗೆ ಕಾದವರು, ಎಲ್ಲರೂ ತಿರುಗಿ ನೋಡಿದರು. ಈ ಸಲ ಸೆರಗು ಬಾಯಿಗೆ ತಂದುಕೊಳ್ಳಲಿಲ್ಲ.

"ಗೊತ್ತಿಲ್ಲವ್ವಾ!" ಎಂದು ಕೂಗಿದಳು. "ನನಗ ಗೊತ್ತಿಲ್ಲ!"